ಹಳ್ಳದ ಜಾಡು ಹಿಡಿದು ಬೆಟ್ಟದ ನೆತ್ತಿಗೆ

ಚಾರಣದ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಒಂದೇ ವಿಷಯಕ್ಕೆ ಸೇರಿದ ಕೆಲವನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಸಿದ್ಧವಾದ ಕಾಲುದಾರಿಯಿಲ್ಲದ, ಹೆಚ್ಚು ಜನ ಹತ್ತದ ಬೆಟ್ಟವನ್ನು ಅದರಿಂದಲೇ ಇಳಿದು ಬರುವ ಹಳ್ಳದ ಪಾತ್ರ ಹಿಡಿದು ಏರುವುದು ಹೇಗೆ ಎಂಬುದು ಇವೆಲ್ಲದರ ತಿರುಳು.

ಪ್ರಶ್ನೆ: ನಾವು ಮೂವರು ಗೆಳೆಯರು ಹಲವು ಬೆಟ್ಟಗಳನ್ನು ಕಾಲುದಾರಿಯಲ್ಲಿ ಹತ್ತಿದ್ದೇವೆ. ಈಗ ನಮ್ಮ ಕಣ್ಣು ಬಿದ್ದಿರುವ ಬೆಟ್ಟಕ್ಕೆ ದಾರಿಯೇ ಇಲ್ಲ. ಆದರೆ ಅದರ ತುದಿಯ ಹತ್ತಿರದಿಂದ ಹಳ್ಳವೊಂದು ಬುಡದವರೆಗೂ ಇಳಿದು ಬಂದಿರುವುದು ನಕ್ಷೆಯಲ್ಲಿ ಕಾಣುತ್ತದೆ. ಅದರ ಗುಂಟ ಹತ್ತಬಹುದೇ? ಹೊರಡುವ ಮೊದಲು ಏನನ್ನು ತಿಳಿದಿರಬೇಕು?

ಉತ್ತರ: ನಿಮ್ಮ ಯೋಚನೆ ಸರಿಯಾಗಿದೆ. ಬೆಟ್ಟದ ಎರಡೂ ಮಗ್ಗುಲಲ್ಲಿ ಮುಳ್ಳುಪೊದೆಗಳು ಹೆಣೆದುಕೊಂಡು ಗಂಟೆಗೆ ಅರ್ಧ ಕಿಲೋಮೀಟರ್ ಸಾಗುವುದೂ ಕಷ್ಟವಾಗಿರುವಾಗ, ನೀರು ಕಾಲಾಂತರದಿಂದ ಹರಿದು ಮಣ್ಣನ್ನೂ ಗಿಡಗಂಟಿಗಳನ್ನೂ ತೊಳೆದು ಬಂಡೆಯನ್ನು ತೆರೆದಿಟ್ಟಿರುವ ಹಳ್ಳದ ಪಾತ್ರದಲ್ಲಿ ಕಾಲಿಡಲು ಜಾಗ ಸಿಗುತ್ತದೆ. ಆದರೆ ನೀರು ತನಗೆ ಬೇಕಾದ ಹಾಗೆ ಇಳಿದಿದೆಯೇ ಹೊರತು ಮನುಷ್ಯನ ಕಾಲಳತೆಯನ್ನು ನೋಡಿ ಇಳಿದಿಲ್ಲ. ಆದುದರಿಂದ ಹಳ್ಳವು ಬೆಟ್ಟದ ದಿಕ್ಕನ್ನು ತೋರಿಸುತ್ತದೆ ಎಂದಷ್ಟೇ ತಿಳಿಯಿರಿ. ಅದನ್ನು ಎಲ್ಲಿಯವರೆಗೆ ನಂಬಬೇಕು, ಎಲ್ಲಿ ಬಿಟ್ಟು ಮೇಲೇರಬೇಕು ಎಂಬುದನ್ನು ನೀವೇ ನಿರ್ಧರಿಸಬೇಕಾಗುತ್ತದೆ. ಈ ಬಗೆಯ ಚಾರಣದ ಕಷ್ಟವೂ ಸೊಗಸೂ ಅದರಲ್ಲೇ ಇದೆ.

ಮನೆಯಲ್ಲಿ ಕುಳಿತು ಮಾಡುವ ಕೆಲಸವೇ ಅರ್ಧ ಚಾರಣ. ನಿಮ್ಮ ಬೆಟ್ಟದ ಸಮೋನ್ನತಿ ರೇಖೆಗಳಿರುವ, ಎಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳಿರುವ, ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಳ್ಳಿ. ಕಣಿವೆಯನ್ನು ದಾಟುವ ಕಡೆ ಈ ರೇಖೆಗಳು ಬಾಣದ ತುದಿಯ ಹಾಗೆ ಮಡಿಸಿಕೊಂಡು ಮೇಲ್ಮುಖವಾಗಿಯೂ, ಏಣನ್ನು, ಎಂದರೆ ಎರಡು ಕಣಿವೆಗಳ ನಡುವೆ ಎದ್ದು ನಿಂತ ದಿಣ್ಣೆಯ ಬೆನ್ನನ್ನು, ದಾಟುವ ಕಡೆ ಕೆಳಮುಖವಾಗಿಯೂ ಚಾಚಿಕೊಂಡಿರುತ್ತವೆ. ಹಳ್ಳದ ಗೆರೆಯ ಮೇಲೆ ಪೆನ್ಸಿಲ್ ಇಟ್ಟು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಸರಿಸುತ್ತಾ, ರೇಖೆಗಳು ಒಂದಕ್ಕೊಂದು ಎಲ್ಲಿ ಹತ್ತಿರವಾಗುತ್ತವೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಅವು ಅಂಟಿಕೊಂಡಂತೆ ಕಂಡಲ್ಲಿ ಜಲಪಾತವನ್ನೋ ಕಡಿದಾದ ಬಂಡೆಯನ್ನೋ ನಿರೀಕ್ಷಿಸಬೇಕು. ಇಲ್ಲೊಂದು ಎಚ್ಚರಿಕೆ ಅಗತ್ಯ. ಒಂದು ರೇಖೆಗೂ ಮುಂದಿನದಕ್ಕೂ ಇರುವ ಎತ್ತರದ ಅಂತರ 20 ಮೀಟರ್ ಆಗಿದ್ದರೆ, ಹದಿನೈದು ಮೀಟರ್ ಎತ್ತರದ ಬಂಡೆಗೋಡೆಯೊಂದು ಎರಡು ರೇಖೆಗಳ ನಡುವೆ ಯಾವ ಸುಳಿವೂ ಕೊಡದೆ ಅಡಗಿರಬಲ್ಲದು. ನಕ್ಷೆಯಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಅಂಥದ್ದು ಇಲ್ಲವೆಂದು ತಿಳಿಯಬೇಡಿ.

ಇನ್ನೊಂದು ಸಂಗತಿ ವೇಳೆಗೆ ಸಂಬಂಧಿಸಿದ್ದು. ಹಳ್ಳದ ಪಾತ್ರವನ್ನು ಬದಿಯಿಂದ ನೋಡಿದಂತೆ ಬರೆದರೆ ಸಾಮಾನ್ಯವಾಗಿ ಅದು ಒಳಬಾಗಿದ ಗೆರೆಯಾಗಿರುತ್ತದೆ: ಬುಡದಲ್ಲಿ ಚಪ್ಪಟೆ, ಮೇಲೆ ಹೋದಂತೆಲ್ಲ ಕಡಿದು. ಕೆಳಗಿನ ಎರಡು ಕಿಲೋಮೀಟರನ್ನು ಒಂದು ಗಂಟೆಯಲ್ಲಿ ಮುಗಿಸಿ, ಇದೇ ಲೆಕ್ಕದಲ್ಲಿ ಹನ್ನೊಂದರ ಹೊತ್ತಿಗೆ ನೆತ್ತಿಯ ಮೇಲಿರುತ್ತೇವೆ ಎಂದು ಹಿಗ್ಗಿದವರು ಕೊನೆಯ ಎಂಟುನೂರು ಮೀಟರಿಗೆ ಎರಡೂವರೆ ಗಂಟೆ ಬೆವರು ಸುರಿಸುವುದನ್ನು ನಾನು ಹಲವು ಸಲ ನೋಡಿದ್ದೇನೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ಸರಿಸುಮಾರಾಗಿ ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಅದು ಗಟ್ಟಿಮುಟ್ಟಾದವರು ಒಳ್ಳೆಯ ನೆಲದ ಮೇಲೆ ನಡೆಯುವಾಗಿನ ಲೆಕ್ಕ. ಬಂಡೆಯಿಂದ ಬಂಡೆಗೆ ಕಾಲಿಟ್ಟು ಹತ್ತುವ ಹಳ್ಳದಲ್ಲಿ ಅದರ ಎರಡರಷ್ಟನ್ನಾದರೂ ಹಿಡಿಯಿರಿ ಎಂದು ನಾನು ಹೇಳುತ್ತೇನೆ. ನಸುಕಿನಲ್ಲೇ ಹೊರಟು, ಇಷ್ಟು ಗಂಟೆಯಾದರೆ ಎಲ್ಲಿದ್ದರೂ ಹಿಂದಿರುಗುತ್ತೇವೆ ಎಂಬ ಸಮಯವನ್ನು ಮೂವರೂ ಮೊದಲೇ ಒಪ್ಪಿಕೊಂಡು, ಅದನ್ನು ಊರಲ್ಲಿರುವ ಒಬ್ಬರಿಗೆ ಬರೆದು ಕೊಟ್ಟು ಹೋಗಿ. ಬೆಟ್ಟವು ಸಂರಕ್ಷಿತ ಕಾಡಿಗೋ ಯಾರದಾದರೂ ಜಮೀನಿಗೋ ಸೇರಿದ್ದರೆ ಅನುಮತಿ ಪಡೆಯದೆ ಕಾಲಿಡಬಾರದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಹಳ್ಳ ಕವಲೊಡೆದಾಗ ಯಾವ ಕವಲನ್ನು ಹಿಡಿಯಬೇಕು? ನೀರು ಹೆಚ್ಚಿರುವುದನ್ನೇ ಹಿಡಿದರೆ ಸಾಕಲ್ಲವೇ?

ಉತ್ತರ: ಸಾಲದು. ಈ ಒಂದು ಪ್ರಶ್ನೆಗೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಹಳ್ಳದ ದಾರಿಯಲ್ಲಿ ಬೆಟ್ಟ ತಪ್ಪಿಹೋಗುವುದು ಬಹುಮಟ್ಟಿಗೆ ಕವಲುಗಳಲ್ಲಿಯೇ.

ಇದರ ಹಿಂದಿನ ಕಾರಣವನ್ನು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಂಡರೆ ಮತ್ತೆ ಮರೆಯುವುದಿಲ್ಲ. ಹಳ್ಳಗಳು ಕೆಳಗಿಳಿಯುತ್ತಾ ಒಂದನ್ನೊಂದು ಕೂಡಿಕೊಳ್ಳುತ್ತವೆ. ಏಣುಗಳು ಮೇಲೇರುತ್ತಾ ಒಂದನ್ನೊಂದು ಕೂಡಿಕೊಳ್ಳುತ್ತವೆ. ಹೀಗಾಗಿ ಏಣನ್ನು ಹಿಡಿದು ಹತ್ತುವವನನ್ನು ಬೆಟ್ಟವೇ ಕೈಹಿಡಿದು ನೆತ್ತಿಗೆ ಕರೆದೊಯ್ಯುತ್ತದೆ, ಹಳ್ಳವನ್ನು ಹಿಡಿದು ಹತ್ತುವವನನ್ನು ಪ್ರತಿ ಕೂಡಲಿನಲ್ಲೂ ನಿಲ್ಲಿಸಿ ಎಡವೋ ಬಲವೋ ಎಂದು ಕೇಳುತ್ತದೆ. ಐದು ಕೂಡಲುಗಳಿದ್ದರೆ ಐದು ಬಾರಿಯೂ ಸರಿಯಾದ ಉತ್ತರವನ್ನೇ ಕೊಡಬೇಕು.

ಕೆಲವು ವರ್ಷಗಳ ಹಿಂದೆ ನಾನೇ ತಪ್ಪಿದ್ದನ್ನು ಹೇಳುತ್ತೇನೆ. ನಕ್ಷೆಯ ಪ್ರಕಾರ ಮೂರನೆಯ ಕೂಡಲಿನಲ್ಲಿ ನಾವು ಬಲಗೈ ಕಡೆಯ ಕವಲಿಗೆ ತಿರುಗಬೇಕಿತ್ತು. ಆ ಹೊತ್ತಿಗಾಗಲೇ ನಾವು ನಾಲ್ಕು ಕೂಡಲುಗಳನ್ನು ದಾಟಿದ್ದೆವು. ಮಳೆಯಲ್ಲಷ್ಟೇ ಹರಿಯುವ ಸಣ್ಣ ತೊರೆಗಳನ್ನು ನಕ್ಷೆ ಬರೆದವರು ಬಿಟ್ಟಿದ್ದರು. ಎಣಿಕೆಯ ಎಳೆ ಕೈತಪ್ಪಿದ ಮೇಲೆ ನಾವು ನೀರನ್ನು ನಂಬಿದೆವು. ಎಡಗಡೆಯ ಕವಲಿನಲ್ಲಿ ಪಾದ ಮುಳುಗುವಷ್ಟು ತಿಳಿನೀರು ಸದ್ದು ಮಾಡುತ್ತಾ ಇಳಿಯುತ್ತಿತ್ತು. ಬಲಗಡೆಯದರಲ್ಲಿ ಒಣಗಿದ ಎಲೆಗಳು ತುಂಬಿದ್ದವು. ಎಡಕ್ಕೆ ನಡೆದು ಒಂದೂವರೆ ಗಂಟೆಯ ನಂತರ ತಲುಪಿದ್ದು ಮೂವತ್ತು ಅಡಿ ಎತ್ತರದ ಕರಿಬಂಡೆಯ ಬುಡವನ್ನು. ಬಂಡೆಯ ಸೀಳಿನಿಂದ ನೀರು ಜಿನುಗಿ, ಹಾವಸೆಯ ಮೇಲೆ ಹನಿಹನಿಯಾಗಿ ಇಳಿದು, ಅಲ್ಲಿಂದಲೇ ಹಳ್ಳವಾಗಿ ಹೊರಟಿತ್ತು. ನಾವು ನೋಡಿದ್ದ ಅಷ್ಟೂ ನೀರು ಆ ಒಂದು ಒರತೆಯದು. ನೆತ್ತಿಯಿಂದ ಇಳಿದು ಬರುವ ನಿಜವಾದ ಕವಲು ಆ ಒಣಗಿದ ಎಲೆಗಳದ್ದಾಗಿತ್ತು. ಮಳೆ ನಿಂತ ತಿಂಗಳುಗಳಲ್ಲಿ ಕವಲಿನ ನೀರು ಅಲ್ಲಿನ ಒರತೆಯನ್ನು ಹೇಳುತ್ತದೆ, ಕವಲಿನ ಉದ್ದವನ್ನು ಹೇಳುವುದಿಲ್ಲ ಎಂದು ನಾನು ಕಲಿತದ್ದು ಆ ಬಂಡೆಯ ಬುಡದಲ್ಲಿ. ನೀರು ನಿಜಕ್ಕೂ ಜಲಾನಯನದ, ಎಂದರೆ ಆ ಕವಲಿಗೆ ಮಳೆನೀರು ಹರಿದು ಬರುವ ನೆಲದ, ವಿಸ್ತಾರವನ್ನೇ ಹೇಳಿದರೂ, ನೆತ್ತಿಗೆ ಹೋಗುವ ಕವಲು ಎರಡರಲ್ಲಿ ದೊಡ್ಡದೇ ಆಗಿರಬೇಕೆಂಬ ನಿಯಮವಿಲ್ಲ.

ಹಾಗಾದರೆ ಏನು ಮಾಡಬೇಕು? ಕೂಡಲಿನಲ್ಲಿ ನಿಂತು ಎರಡೂ ಕವಲುಗಳು ಯಾವ ದಿಕ್ಕಿನಿಂದ ಬರುತ್ತಿವೆ ಎಂಬುದನ್ನು ದಿಕ್ಸೂಚಿಯಿಂದ ಅಳೆದು ನಕ್ಷೆಗೆ ಹೋಲಿಸಬೇಕು. ಎತ್ತರವನ್ನು ತೋರಿಸುವ ಉಪಕರಣವಿದ್ದರೆ ಆ ಅಂಕಿಯನ್ನೂ ಹೋಲಿಸಬೇಕು. ನಕ್ಷೆಯಲ್ಲಿ 840 ಮೀಟರಿನಲ್ಲಿರುವ ಕೂಡಲು ನಿಮ್ಮ ಕಾಲ ಬಳಿ 760 ಮೀಟರಿನಲ್ಲಿ ಕಂಡರೆ ಅದು ಬೇರೆಯದೇ ಕೂಡಲು. ಅಂದು ನಾನು ಎರಡು ನಿಮಿಷ ನಿಂತು ದಿಕ್ಕನ್ನು ನೋಡಿದ್ದರೆ, ವಾಯವ್ಯಕ್ಕೆ ಹೋಗಬೇಕಾದವರು ನೈಋತ್ಯಕ್ಕೆ ಹೊರಟಿದ್ದೇವೆ ಎಂಬುದು ಅಲ್ಲೇ ತಿಳಿದುಬಿಡುತ್ತಿತ್ತು.

ಸ್ಥಳೀಯರನ್ನೋ ಹಿಂದೆ ಹೋಗಿಬಂದವರನ್ನೋ ಕೇಳಿ ಬರೆದುಕೊಂಡ ವಿವರಗಳಿದ್ದರೆ ಒಂದು ಮಾತನ್ನು ಗಮನಿಸಿ. ಭೂಗೋಳದ ವಾಡಿಕೆಯಲ್ಲಿ ಎಡದಂಡೆ, ಬಲದಂಡೆ ಎಂಬುವು ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತು ಹೇಳುವ ಮಾತುಗಳು. ನೀವು ನೀರಿಗೆ ಎದುರಾಗಿ ಹತ್ತುತ್ತಿರುವುದರಿಂದ ಬಲದಂಡೆ ನಿಮ್ಮ ಎಡಗೈ ಕಡೆಗಿರುತ್ತದೆ. ಆದರೆ ಹೇಳಿದವರು ತಾವು ಹತ್ತುವಾಗಿನ ಬಲವನ್ನೇ ಬಲವೆಂದಿರಬಹುದು. ಯಾವ ಕಡೆಗೆ ಮುಖ ಮಾಡಿದಾಗಿನ ಬಲ ಎಂದು ಕೇಳಿಯೇ ಬರೆದುಕೊಳ್ಳಿ.

ಪ್ರಶ್ನೆ: ಮಳೆಗಾಲ ಮುಗಿದ ಮೇಲೆ ಹಳ್ಳದಲ್ಲಿ ಪಾದ ಮುಳುಗುವಷ್ಟೂ ನೀರಿರುವುದಿಲ್ಲ. ಆಗಲೂ ನೆರೆಗೆ ಹೆದರಬೇಕೇ?

ಉತ್ತರ: ಹೆದರಬೇಕಾಗಿಲ್ಲ, ಆದರೆ ಅದನ್ನು ಮರೆಯಲೂಬಾರದು. ಸಣ್ಣ ಹಾಗೂ ಕಡಿದಾದ ಜಲಾನಯನದಲ್ಲಿ ಬಿದ್ದ ಮಳೆ ಮಣ್ಣಿಗೆ ಇಂಗಲು ಪುರಸೊತ್ತಿಲ್ಲದೆ ಹಳ್ಳಕ್ಕೆ ನುಗ್ಗುತ್ತದೆ; ನೆತ್ತಿಯ ಮೇಲೆ ಸುರಿದದ್ದು ಕೆಳಗೆ ಪ್ರವಾಹವಾಗಿ ಬರಲು ಕೆಲವೊಮ್ಮೆ ಅರ್ಧ ಗಂಟೆಯೂ ಬೇಕಾಗುವುದಿಲ್ಲ. ನೀವು ನಿಂತ ಜಾಗದಲ್ಲಿ ಬಿಸಿಲಿರಬಹುದು. ಎರಡು ಗೋಡೆಗಳ ನಡುವಿನ ಕೊರಕಲಿನಲ್ಲಿ ನಿಂತವರಿಗೆ ಕಾಣುವುದು ತಲೆಯ ಮೇಲಿನ ಒಂದು ಪಟ್ಟಿ ಆಕಾಶ ಮಾತ್ರ. ಬೆಟ್ಟದ ಹಿಂದೆ ಮೋಡ ಕಟ್ಟುತ್ತಿರುವುದು ಅವರ ಕಣ್ಣಿಗೆ ಬೀಳುವುದಿಲ್ಲ.

ಹಳ್ಳ ತನ್ನ ಹಿಂದಿನ ನೆರೆಯ ಎತ್ತರವನ್ನು ತಾನೇ ಬರೆದಿಟ್ಟಿರುತ್ತದೆ, ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ದಂಡೆಯ ಮರಗಳ ಕೊಂಬೆಗಳ ಸಂದಿಯಲ್ಲಿ ಒಣಹುಲ್ಲು, ಕಡ್ಡಿ, ತರಗೆಲೆಗಳು ಹಕ್ಕಿಗೂಡಿನ ಹಾಗೆ ಸಿಕ್ಕಿಕೊಂಡಿರುತ್ತವೆ. ಬೆರಳಿನಿಂದ ಬಿಡಿಸಿ ನೋಡಿದರೆ ಒಳಗೆ ನುಣ್ಣನೆಯ ಮರಳು ಸಿಗುತ್ತದೆ, ಕಡ್ಡಿಗಳೆಲ್ಲ ನೀರು ಹರಿಯುವ ದಿಕ್ಕಿಗೆ ಬಾಗಿರುತ್ತವೆ. ಆ ಕಸ ನಿಮ್ಮ ಎದೆಯ ಮಟ್ಟದಲ್ಲಿದ್ದರೆ ನೀರೂ ಒಮ್ಮೆ ಅಷ್ಟು ಎತ್ತರಕ್ಕೆ ಬಂದಿತ್ತು ಎಂದೇ ಅರ್ಥ. ಬುತ್ತಿ ಬಿಚ್ಚಲಿಕ್ಕಾಗಲಿ, ಒಂದು ಗಳಿಗೆ ಮಲಗಲಿಕ್ಕಾಗಲಿ, ಆ ಕಸದ ಗೆರೆಗಿಂತ ಮೇಲಿನ ಜಾಗವನ್ನೇ ಆರಿಸಿಕೊಳ್ಳಿ. ತಿಳಿನೀರು ಇದ್ದಕ್ಕಿದ್ದಂತೆ ಬಗ್ಗಡವಾದರೆ, ಹಸಿ ಎಲೆ ಮತ್ತು ಕಡ್ಡಿಗಳು ತೇಲಿ ಬರತೊಡಗಿದರೆ, ಮೇಲಿನಿಂದ ಬರುವ ಸದ್ದಿನ ಧಾಟಿ ಬದಲಾದರೆ, ಚರ್ಚೆ ಮಾಡುತ್ತಾ ನಿಲ್ಲದೆ ಪಕ್ಕದ ದಂಡೆಯನ್ನೇರಿ. ಹಳ್ಳದಲ್ಲೇ ಕೆಳಕ್ಕೆ ಓಡುವುದು ತಪ್ಪು, ನೀರು ನಿಮಗಿಂತ ವೇಗವಾಗಿ ಬರುತ್ತದೆ.

ಏರಿದ ನೀರನ್ನು ದಾಟುವ ಬಗ್ಗೆ ಹೇಳುವುದಾದರೆ, ದಾಟದೆ ಕಾಯುವುದೇ ಮೇಲು. ಸಣ್ಣ ಹಳ್ಳದ ನೆರೆ ಏರಿದಷ್ಟೇ ಬೇಗ ಅಲ್ಲದಿದ್ದರೂ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ನೀರಿನ ವೇಗ ಎರಡರಷ್ಟಾದರೆ ಅದು ಕಾಲನ್ನು ನೂಕುವ ಬಲ ನಾಲ್ಕರಷ್ಟಾಗುತ್ತದೆ. ಹೀಗಾಗಿ ಮೊಣಕಾಲು ಮುಟ್ಟುವ ರಭಸದ ನೀರೇ ದೊಡ್ಡ ಆಳನ್ನು ಕೆಡವಬಲ್ಲದು. ದಾಟಲೇಬೇಕಾದ ಸಾಧಾರಣ ನೀರಿನಲ್ಲಿಯೂ ಪಾತ್ರ ಅಗಲವಾಗಿ ಹರಡಿಕೊಂಡ ಜಾಗವನ್ನು ಹುಡುಕಿ, ಬೂಟು ಬಿಚ್ಚದೆ, ಬೆನ್ನುಚೀಲದ ಸೊಂಟದ ಪಟ್ಟಿಯನ್ನು ಸಡಿಲಿಸಿ, ಊರುಗೋಲನ್ನು ನೀರು ಬರುವ ಕಡೆಗೆ ಊರಿ, ಅಡ್ಡಡ್ಡಲಾಗಿ ಹೆಜ್ಜೆ ಸರಿಸಿ. ಜಲಪಾತದ ತಲೆಯ ಬಳಿ ಮಾತ್ರ ಎಷ್ಟೇ ಕಡಿಮೆ ನೀರಿದ್ದರೂ ದಾಟಬೇಡಿ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂಬ ಮಾತು ಬೇರೆಲ್ಲಿ ಸಂದರೂ ಹಳ್ಳದ ದಾರಿಗೆ ಸಲ್ಲದು.

ಪ್ರಶ್ನೆ: ಬಂಡೆಗಳ ಮೇಲೆ ಜಾರದಿರಲು ಏನು ಮಾಡಬೇಕು? ನಡುವೆ ಜಲಪಾತ ಅಡ್ಡ ಬಂದರೆ?

ಉತ್ತರ: ಬಂಡೆಯ ಬಣ್ಣವನ್ನು ನೋಡಿ ಕಾಲಿಡಿ. ಬಿಸಿಲಿಗೆ ಬಿಳಿಚಿಕೊಂಡ ಒಣಬಂಡೆ ಬೂಟನ್ನು ಹಿಡಿದುಕೊಳ್ಳುತ್ತದೆ. ಒದ್ದೆಯಾಗಿ ಕಪ್ಪಗೆ ಮಿನುಗುವ ಬಂಡೆಯ ಮೇಲೆ ಕಣ್ಣಿಗೆ ಕಾಣದ ತೆಳ್ಳನೆಯ ಪಾಚಿಯ ಪದರವಿರುತ್ತದೆ, ಅದು ಹಸಿರು ಹಾವಸೆಗಿಂತಲೂ ಮೋಸದ್ದು. ಇಂಥ ಕಡೆ ಬಂಡೆಯ ಮೇಲೆ ಕುಣಿಯುತ್ತಾ ಹೋಗುವುದಕ್ಕಿಂತ ನೀರಿನೊಳಗೆ, ಜಲ್ಲಿ ಮತ್ತು ಉರುಟು ಕಲ್ಲುಗಳ ನಡುವೆ ಪಾದ ಊರಿ ನಡೆಯುವುದು ಎಷ್ಟೋ ಕ್ಷೇಮ. ಕಾಲು ಒದ್ದೆಯಾಗಬಾರದೆಂಬ ಹಟವೇ ಹಳ್ಳಗಳಲ್ಲಿ ಮೊಣಕೈ ಮುರಿಸುತ್ತದೆ.

ಜಲಪಾತ ಅಡ್ಡ ಬಂದಾಗ ಅದರ ಮುಖವನ್ನು ಹತ್ತಲು ಹೋಗದೆ, ಸ್ವಲ್ಪ ಹಿಂದಕ್ಕೆ ಬಂದು, ಮರಗಳಿರುವ ಮಗ್ಗುಲನ್ನು ಹಿಡಿದು ಸುತ್ತುಹಾಕಿ ಮೇಲೇರಬೇಕು. ಮರಗಳಿವೆಯೆಂದರೆ ಮಣ್ಣು ನಿಲ್ಲುವಷ್ಟು ಇಳಿಜಾರಿದೆ, ಕೈಗೆ ಬೇರು ಸಿಗುತ್ತದೆ. ಬರಿಯ ಹುಲ್ಲಿನ ಕಡಿದಾದ ಮಗ್ಗುಲು ದೂರದಿಂದ ಸಲೀಸಾಗಿ ಕಂಡರೂ ಅಲ್ಲಿ ಜಾರಿದವರಿಗೆ ಹಿಡಿಯಲು ಏನೂ ಇರುವುದಿಲ್ಲ. ಹತ್ತುವುದು ಇಳಿಯುವುದಕ್ಕಿಂತ ಸುಲಭವಾದ್ದರಿಂದ, ಪ್ರತಿಯೊಂದು ಕಷ್ಟದ ಹೆಜ್ಜೆಗೆ ಮೊದಲು ಇದನ್ನು ನಾನು ಇಳಿಯಬಲ್ಲೆನೇ ಎಂದು ಕೇಳಿಕೊಳ್ಳಿ; ಇಳಿಯಲಾರದ್ದನ್ನು ಹತ್ತಬೇಡಿ. ಹಳ್ಳದ ಮೇಲ್ತುದಿಯ ಕಿರಿದಾದ ಕೊರಕಲಿನಲ್ಲಿ ಸಡಿಲ ಕಲ್ಲುಗಳಿದ್ದರೆ ಒಬ್ಬರ ಕೆಳಗೆ ಒಬ್ಬರು ಸಾಲಾಗಿ ಹತ್ತದೆ, ಒಬ್ಬರು ಮೇಲೆ ಮರೆ ಸೇರುವವರೆಗೆ ಉಳಿದವರು ಬದಿಯಲ್ಲಿ ನಿಂತಿರಬೇಕು. ಕಲ್ಲು ಉರುಳಿದರೆ ಗಟ್ಟಿಯಾಗಿ ಕೂಗಿ ಎಚ್ಚರಿಸಬೇಕು.

ಪ್ರಶ್ನೆ: ಮೊಬೈಲಿನ ಜಿ.ಪಿ.ಎಸ್. ಇರುವಾಗ ಕಾಗದದ ನಕ್ಷೆ ಏಕೆ?

ಉತ್ತರ: ಜಿ.ಪಿ.ಎಸ್. ಇರಲಿ, ಬೇಡವೆನ್ನುವುದಿಲ್ಲ. ಆದರೆ ಆಳವಾದ ಕಣಿವೆಯಲ್ಲಿ ಉಪಗ್ರಹಗಳಲ್ಲಿ ಹಲವು ಗೋಡೆಗಳ ಹಿಂದೆ ಮರೆಯಾಗುತ್ತವೆ, ಉಳಿದವುಗಳ ಸಂಕೇತ ಬಂಡೆಗೆ ತಾಗಿ ಪ್ರತಿಫಲಿಸಿ ಬರುತ್ತದೆ. ಪರದೆಯ ಮೇಲಿನ ಚುಕ್ಕೆ ಆಗ ಪಕ್ಕದ ದಿಣ್ಣೆಗೆ ಜಿಗಿಯುವುದುಂಟು. ಬೇಕಾದ ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಬ್ಯಾಟರಿ ಉಳಿಸಲು ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು, ಕಾಗದದ ನಕ್ಷೆಯನ್ನೂ ದಿಕ್ಸೂಚಿಯನ್ನೂ ಜೊತೆಗೊಯ್ಯಿರಿ. ಒಂದು ಸೀಟಿಯೂ ಇರಲಿ. ನೀರಿನ ಭೋರ್ಗರೆತದಲ್ಲಿ ಕೂಗು ಇಪ್ಪತ್ತು ಅಡಿ ದಾಟುವುದಿಲ್ಲ, ಸೀಟಿ ದಾಟುತ್ತದೆ. ನಿಮಿಷಕ್ಕೆ ಆರು ಬಾರಿ ಊದಿ ಒಂದು ನಿಮಿಷ ಬಿಡುವುದು ಪರ್ವತ ಪ್ರದೇಶಗಳಲ್ಲಿ ಸಹಾಯ ಕೇಳುವ ಸಂಕೇತ. ನಿಮಿಷಕ್ಕೆ ಮೂರು ಬಾರಿ ಊದುವುದು ಅದಕ್ಕೆ ಉತ್ತರ.

ಪ್ರಶ್ನೆ: ಮೇಲಿನ ಹಳ್ಳದ ನೀರನ್ನು ಹಾಗೆಯೇ ಕುಡಿಯಬಹುದೇ?

ಉತ್ತರ: ಬೇಡ. ತಿಳಿಯಾದದ್ದೆಲ್ಲ ಶುದ್ಧವಲ್ಲ, ನಿಮಗಿಂತ ಮೇಲೆ ಪ್ರಾಣಿಯೊಂದು ಸತ್ತು ಬಿದ್ದಿರಬಹುದು, ಜಿಯಾರ್ಡಿಯಾದಂಥ ಪರೋಪಜೀವಿಗಳು ಎಷ್ಟು ತಣ್ಣನೆಯ ತೊರೆಯಲ್ಲಾದರೂ ಇರಬಹುದು. ಚೆನ್ನಾಗಿ ಮರಳತೊಡಗಿದ ಮೇಲೆ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಕುದಿಸಿ ಕುಡಿಯಿರಿ. ಇಲಿ ಮುಂತಾದ ಪ್ರಾಣಿಗಳ ಮೂತ್ರ ಬೆರೆತ ನೀರಿನಿಂದ ಗಾಯದ ಮೂಲಕ ಇಲಿಜ್ವರ ಹರಡುವುದರಿಂದ ಕಾಲಿನ ಗಾಯಗಳನ್ನು ಮುಚ್ಚಿಕೊಂಡೇ ನೀರಿಗಿಳಿಯಿರಿ. ನಿಮ್ಮ ಕೆಳಗೂ ಆ ನೀರನ್ನು ಕುಡಿಯುವವರಿದ್ದಾರೆ. ಮಲಮೂತ್ರಕ್ಕೆ ಹಳ್ಳದಿಂದ ಕನಿಷ್ಠ 60 ಮೀಟರ್ ದೂರ ಹೋಗಬೇಕು, ಸೋಪನ್ನು ನೀರಿಗೆ ತಾಗಿಸಬಾರದು.

ಪ್ರಶ್ನೆ: ದಾರಿ ತಪ್ಪಿದರೆ ನೀರನ್ನು ಹಿಡಿದು ಇಳಿಯಿರಿ, ಊರು ಸಿಗುತ್ತದೆ ಎನ್ನುತ್ತಾರೆ. ಇದು ಸರಿಯೇ? ನೆತ್ತಿಯಿಂದ ಹಿಂದಿರುಗುವಾಗ ಬೇರೊಂದು ಹಳ್ಳದಲ್ಲಿ ಇಳಿದರೆ ಹೊಸ ದಾರಿಯನ್ನೂ ನೋಡಿದಂತಾಗುತ್ತದೆಯಲ್ಲವೇ?

ಉತ್ತರ: ಎರಡೂ ಪ್ರಶ್ನೆಗಳಿಗೆ ನನ್ನ ಉತ್ತರ ಒಂದೇ: ಹತ್ತಿ ನೋಡದ ಹಳ್ಳದಲ್ಲಿ ಇಳಿಯಬೇಡಿ. ನೀರು ಕೊನೆಗೆ ಊರನ್ನು ಮುಟ್ಟುತ್ತದೆ ಎಂಬುದು ಬಹಳ ಕಡೆ ನಿಜವಿರಬಹುದು. ಆದರೆ ಅದು ಜಲಪಾತಗಳಿಂದ ಧುಮುಕಿ ಮುಟ್ಟುತ್ತದೆ, ನೀವು ಹಾಗೆ ಮುಟ್ಟಲಾರಿರಿ. ಮೇಲಿನಿಂದ ಇಳಿಯುವವರಿಗೆ ಜಲಪಾತದ ಅಂಚು ಹತ್ತಿರ ಬರುವವರೆಗೂ ಕಾಣುವುದಿಲ್ಲ. ಮೊದಲ ಎಂಟು ಅಡಿಯ ಬಂಡೆಯನ್ನು ಕಷ್ಟಪಟ್ಟು ಜಾರಿ ಇಳಿದಿರುತ್ತೀರಿ, ಅದನ್ನು ಮತ್ತೆ ಹತ್ತಲು ಆಗುವುದಿಲ್ಲ. ಎರಡನೆಯದು ಅರವತ್ತು ಅಡಿಯದಾಗಿರುತ್ತದೆ. ಮೇಲೂ ಇಲ್ಲ, ಕೆಳಗೂ ಇಲ್ಲ ಎಂಬ ಸ್ಥಿತಿ ಹುಟ್ಟುವುದು ಹೀಗೆ. ದಾರಿ ತಪ್ಪಿತೆಂದು ಅನ್ನಿಸಿದ ಕೂಡಲೇ ನಿಂತು, ಕೊನೆಯದಾಗಿ ಖಚಿತವಾಗಿ ಗೊತ್ತಿದ್ದ ಜಾಗಕ್ಕೆ ಹಿಂದಿರುಗಲು ನೋಡಬೇಕು. ಅದು ಸಾಧ್ಯವಿಲ್ಲದಿದ್ದರೆ ಕಣ್ಣಿಗೆ ಬೀಳುವಂಥ, ಸೀಟಿ ಕೇಳಿಸುವಂಥ ಸುರಕ್ಷಿತ ಸ್ಥಳದಲ್ಲಿ ಉಳಿಯಬೇಕು. ಊರಲ್ಲಿ ಬರೆದು ಕೊಟ್ಟ ಚೀಟಿ ಆಗ ಕೆಲಸಕ್ಕೆ ಬರುತ್ತದೆ.

ನೀವು ಹತ್ತಿದ ಹಳ್ಳದಲ್ಲೇ ಇಳಿಯುವುದಾದರೆ ಕವಲುಗಳ ಚಿಂತೆ ಇರುವುದಿಲ್ಲ, ಏಕೆಂದರೆ ಇಳಿಯುವಾಗ ಅವೆಲ್ಲ ಒಂದಾಗುತ್ತಾ ಬರುತ್ತವೆ. ಚಿಂತೆಯಿರುವುದು ನೆತ್ತಿಯ ಹತ್ತಿರ. ಹಳ್ಳವನ್ನು ಬಿಟ್ಟು ಏಣನ್ನೇರಿದ ಜಾಗ ಹತ್ತುವಾಗ ಮರೆಯಲಾಗದಂತೆ ಕಂಡಿರುತ್ತದೆ. ಒಂದು ಗಂಟೆಯ ನಂತರ ಮೇಲಿನಿಂದ ನೋಡಿದರೆ ಒಂದೇ ರೀತಿಯ ನಾಲ್ಕು ಹುಲ್ಲಿನ ತಗ್ಗುಗಳು ಕೆಳಗಿಳಿದಿರುತ್ತವೆ. ತಪ್ಪಾದ ತಗ್ಗಿಗೆ ಐವತ್ತು ಹೆಜ್ಜೆ ಇಟ್ಟರೆ ನೀವು ಬೇರೊಂದು ಜಲಾನಯನದಲ್ಲಿರುತ್ತೀರಿ, ಅದರ ನೀರು ಬೆಟ್ಟದ ಆಚೆ ಬದಿಗೆ ಹೋಗಿ ಸೇರುತ್ತದೆ. ಮಂಜು ಕವಿದರೆ ಹೇಳುವುದೇ ಬೇಡ. ಆದುದರಿಂದ ಹಳ್ಳ ಬಿಟ್ಟು ಏಣು ಹತ್ತಿದ ಕೂಡಲೇ ಹಿಂದಿರುಗಿ ನಿಂತು, ಕಾಲ ಕೆಳಗಿನ ತಗ್ಗು ಹಾಗೂ ಅದರಾಚೆಗೆ ಕಾಣುವ ದಿಣ್ಣೆ ಎರಡೂ ಬರುವಂತೆ ಒಂದು ಚಿತ್ರ ತೆಗೆದುಕೊಳ್ಳಿ. ಆ ಜಾಗವನ್ನು ಫೋನಿನಲ್ಲಿ ಗುರುತಿಸಿ, ಅಲ್ಲಿಂದ ಶಿಖರಕ್ಕಿರುವ ದಿಕ್ಕನ್ನು ದಿಕ್ಸೂಚಿ ತೋರಿಸುವ ಡಿಗ್ರಿಗಳಲ್ಲಿ ಕಾಗದದಲ್ಲಿ ಬರೆದುಕೊಳ್ಳಿ. ಹಿಂದಿರುಗುವಾಗ ಆ ಅಂಕಿಗೆ 180 ಕೂಡಿಸಿದರೆ, ಅಥವಾ ಅದು 180ಕ್ಕಿಂತ ಹೆಚ್ಚಿದ್ದರೆ 180 ಕಳೆದರೆ, ಇಳಿಯಬೇಕಾದ ದಿಕ್ಕು ಸಿಗುತ್ತದೆ. ಗುರುತಿಗೆಂದು ಬಣ್ಣದ ಬಟ್ಟೆಯನ್ನು ಕಟ್ಟಿದ್ದರೆ ಇಳಿಯುವಾಗ ಮರೆಯದೆ ಬಿಚ್ಚಿಕೊಂಡು ಬನ್ನಿ. ನಿಮ್ಮ ನಂತರ ಹತ್ತುವವರಿಗೂ ಆ ಬೆಟ್ಟ ನಿಮಗೆ ಸಿಕ್ಕಿದ ಹಾಗೆಯೇ ಸಿಗಬೇಕು.